ನಲ್ಲಿಯ ಹಿಂದೆ ನೂರು ಕಿಲೋಮೀಟರ್

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಬೋರ್ಡು ಚೆನ್ನಾಗಿ ಗೊತ್ತು. ಮೇಲೆ ದೊಡ್ಡದಾಗಿ ‘ಮನೆ ಬಾಡಿಗೆಗಿದೆ’, ಕೆಳಗೆ ಸಣ್ಣದಾಗಿ ‘ಕಾವೇರಿ ನೀರು ಮತ್ತು ಬೋರ್’. ಎಷ್ಟು ರೂಮು, ಗಾಳಿ ಬೆಳಕು ಹೇಗೆ ಅನ್ನುವುದೆಲ್ಲ ಆಮೇಲೆ. ಬರೀ ಬೋರ್ ಇರುವ ಮನೆಗೆ ಒಂದು ಬಾಡಿಗೆ, ಕಾವೇರಿ ಕನೆಕ್ಷನ್ ಇರುವ ಮನೆಗೆ ಇನ್ನೊಂದು. ನಾನೂ ಹಾಗೆ ಬೀದಿ ಬೀದಿ ಅಲೆದವನೇ. ಆಗ ‘ಕಾವೇರಿ ನೀರು’ ಎಂಬುದು ನನಗೆ ಬಾಡಿಗೆ ಚೌಕಾಸಿಯಲ್ಲಿ ಬರುವ ಒಂದು ಮಾತಾಗಿತ್ತು, ಅಷ್ಟೆ. ಆ ಮಾತಿನ ಹಿಂದೆ ಒಂದು ನದಿ, ಸಾಲು ಪಂಪ್‌ಹೌಸುಗಳು, ನೂರು ಕಿಲೋಮೀಟರ್ ಪೈಪು ಇದೆ ಎಂದು ಹೊಳೆದದ್ದು ಒಂದು ಬೆಳಿಗ್ಗೆ ನಲ್ಲಿ ನಿಂತುಹೋದಾಗ.

ಮೂಲಸೌಕರ್ಯದ ಗುಣವೇ ಅದು. ಕೆಲಸ ಮಾಡುವಾಗ ಕಣ್ಣಿಗೆ ಬೀಳುವುದಿಲ್ಲ. ನಿಂತರೆ ಬೇರೇನೂ ಕಾಣುವುದಿಲ್ಲ.

‘ಮೂಲಸೌಕರ್ಯ’ ಎಂಬ ಪದದ ಬಗ್ಗೆ ನನಗೊಂದು ಸಣ್ಣ ತಕರಾರಿದೆ. ‘ಸೌಕರ್ಯ’ ಅಂದ ಕೂಡಲೇ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಹೇಗೋ ನಡೆಯುತ್ತದೆ ಎನ್ನುವ ಭಾವ ಬರುತ್ತದೆ. ಮನೆಯಲ್ಲಿ ಸೋಫಾ ಇದ್ದ ಹಾಗೆ. ‘ಇನ್‌ಫ್ರಾಸ್ಟ್ರಕ್ಚರ್’ ಎಂಬ ಪದ ಮೊದಲು ಬಳಕೆಗೆ ಬಂದದ್ದು ಫ್ರಾನ್ಸಿನ ರೈಲ್ವೆ ಕೆಲಸದಲ್ಲಿ, 19ನೇ ಶತಮಾನದಲ್ಲಿ. ಹಳಿ ಕೂರಿಸುವ ಮೊದಲು ಮಾಡಬೇಕಾದ ನೆಲದ ಕೆಲಸಕ್ಕೆ, ಅಂದರೆ ಮಣ್ಣಿನ ಏರಿ, ಸೇತುವೆ, ಸುರಂಗಗಳಿಗೆ ಅವರು ಇಟ್ಟ ಹೆಸರದು. ‘ಇನ್‌ಫ್ರಾ’ ಅಂದರೆ ಕೆಳಗೆ. ರೈಲು ಹತ್ತಿದವರು ಕಿಟಕಿಯಿಂದ ಗದ್ದೆ ನೋಡುತ್ತಾರೆ, ಕೆಳಗಿನ ಏರಿಯನ್ನು ಯಾರು ನೋಡುತ್ತಾರೆ? ನಮ್ಮ ಪದದಲ್ಲಿ ‘ಮೂಲ’ ಎಂಬ ಮೊದಲರ್ಧಕ್ಕೆ ಜಾಸ್ತಿ ಒತ್ತು ಕೊಟ್ಟು ಓದಿದರೆ ಅರ್ಥ ಸರಿಹೋಗುತ್ತದೆ.

ರಸ್ತೆ, ಕರೆಂಟು, ನೀರು, ಚರಂಡಿ, ಶಾಲೆ, ಆಸ್ಪತ್ರೆ ಎಂದು ಪಟ್ಟಿ ಓದುತ್ತಾ ಹೋದರೆ ಈ ವಿಷಯ ತಲೆಗೆ ಹೋಗುವುದಿಲ್ಲ. ಒಂದು ಲೋಟ ನೀರನ್ನು ಹಿಡಿದು ಹಿಂದಕ್ಕೆ ನಡೆದು ನೋಡೋಣ.

ಬೆಂಗಳೂರು ಗುಡ್ಡದ ನೆತ್ತಿಯ ಮೇಲಿರುವ ಊರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಊರೊಳಗೆ ದೊಡ್ಡ ನದಿ ಇಲ್ಲ. ಕಾವೇರಿ ಹರಿಯುವುದು ನೂರು ಕಿಲೋಮೀಟರ್ ದೂರದಲ್ಲಿ, ಅದೂ ನೂರಾರು ಮೀಟರ್ ಕೆಳಗೆ. ನೀರು ತಗ್ಗಿಗೆ ಹರಿಯುತ್ತದೆ ಎಂದು ಚಿಕ್ಕ ಮಕ್ಕಳಿಗೂ ಗೊತ್ತು. ಬೆಂಗಳೂರಿಗೆ ಮಾತ್ರ ಅದು ಹತ್ತಿಕೊಂಡು ಬರಬೇಕು.

ಶಿವನಸಮುದ್ರದ ಬಳಿ ತಿರುಗಿಸಿದ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಗೆ ಬರುತ್ತದೆ. ಎಲ್ಲರ ಬಾಯಲ್ಲಿ ಅದು ಟಿ.ಕೆ.ಹಳ್ಳಿ. ಅಲ್ಲಿ ಪಟಿಕ ಹಾಕಿ ಕೆಸರನ್ನು ತಳಕ್ಕೆ ಕೂರಿಸುತ್ತಾರೆ, ಮರಳಿನಲ್ಲಿ ಸೋಸುತ್ತಾರೆ, ಕ್ಲೋರಿನ್ ಬೆರೆಸುತ್ತಾರೆ. ಆಮೇಲೆ ಪಂಪು. ಟಿ.ಕೆ.ಹಳ್ಳಿಯಿಂದ ಹಾರೋಹಳ್ಳಿಗೆ, ಹಾರೋಹಳ್ಳಿಯಿಂದ ತಾತಗುಣಿಗೆ, ತಾತಗುಣಿಯಿಂದ ಊರಿಗೆ. ಮೂರು ಮೆಟ್ಟಿಲು ಹತ್ತಿಸಿದ ಹಾಗೆ. ಪೈಪಿನೊಳಗಿನ ತಿಕ್ಕಾಟವೂ ಸೇರಿದರೆ ಪಂಪುಗಳು ನೀರನ್ನು ಸುಮಾರು 500 ಮೀಟರ್ ಎತ್ತಿದಷ್ಟು ಕೆಲಸ ಮಾಡಬೇಕು.

ಇಲ್ಲಿ ಒಂದು ಲೆಕ್ಕ ಹಾಕಬಹುದು, ಹೈಸ್ಕೂಲಿನ ಭೌತಶಾಸ್ತ್ರ ಸಾಕು. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು ಸುಮಾರು 1.4 ಯೂನಿಟ್ ಕರೆಂಟು ಬೇಕು. ಪಂಪಿನಲ್ಲಾಗುವ ನಷ್ಟ ಸೇರಿಸಿದರೆ ಇನ್ನೂ ಜಾಸ್ತಿ. 2012ರ ಹೊತ್ತಿಗೆ ಕಾವೇರಿಯಿಂದ ಬೆಂಗಳೂರಿಗೆ ಬರುತ್ತಿದ್ದ ನೀರು ದಿನಕ್ಕೆ ಸುಮಾರು 145 ಕೋಟಿ ಲೀಟರ್. ಅಂದರೆ ಕಡಿಮೆ ಎಂದರೂ ದಿನಕ್ಕೆ 20 ಲಕ್ಷ ಯೂನಿಟ್. ಜಲಮಂಡಳಿಯ ಖರ್ಚಿನಲ್ಲಿ ಎಲ್ಲಕ್ಕಿಂತ ದೊಡ್ಡ ಬಾಬ್ತು ಕರೆಂಟ್ ಬಿಲ್ಲೇ. ನಾವು ನೀರು ಕುಡಿಯುತ್ತಿದ್ದೇವೆ ಎಂದುಕೊಳ್ಳುತ್ತೇವೆ, ಅರ್ಧ ಕರೆಂಟನ್ನೇ ಕುಡಿಯುತ್ತಿರುತ್ತೇವೆ.

ಊರಿಗೆ ಬಂದ ನೀರು ಬಡಾವಣೆಗಳ ದೊಡ್ಡ ತೊಟ್ಟಿಗಳಲ್ಲಿ ತುಂಬುತ್ತದೆ. ಅಲ್ಲಿಂದ ವಾಲ್ವ್‌ಮ್ಯಾನ್ ಕೀಲಿ ತಿರುಗಿಸಿದಾಗ ನಮ್ಮ ಬೀದಿಗೆ. ಬೀದಿಯಿಂದ ಮನೆಯ ಸಂಪಿಗೆ. ಸಂಪಿನಿಂದ ಮಹಡಿಯ ಮೇಲಿನ ಕಪ್ಪು ಟ್ಯಾಂಕಿಗೆ ಏರಿಸುವುದು ನಮ್ಮದೇ ಮೋಟಾರು. ‘ನೀರು ಬಂತು, ಮೋಟಾರ್ ಹಾಕಿ’ ಅನ್ನುವ ಕೂಗು ಕೇಳದ ಬೀದಿ ಬೆಂಗಳೂರಿನಲ್ಲಿ ಇದೆಯೇ? ನೂರು ಕಿಲೋಮೀಟರ್ ಸರ್ಕಾರ ಎತ್ತಿ ತಂದ ನೀರನ್ನು ಕೊನೆಯ ಮೂವತ್ತು ಅಡಿ ಮನೆಯವರೇ ಎತ್ತುತ್ತಾರೆ. ದಿನದ 24 ಗಂಟೆಯೂ ಒತ್ತಡದಿಂದ ನೀರು ಬರುತ್ತಿದ್ದರೆ ಸಂಪೂ ಬೇಡ, ಮೋಟಾರೂ ಬೇಡ. ಹೊಸ ಮನೆ ಕಟ್ಟುವ ಪ್ರತಿಯೊಬ್ಬರೂ ಸಂಪು, ಟ್ಯಾಂಕು, ಮೋಟಾರು, ಫಿಲ್ಟರು, ಇನ್ವರ್ಟರು ಎಂದು ದುಡ್ಡು ಸುರಿಯುತ್ತಾರಲ್ಲ, ಅದು ಊರಿನ ವ್ಯವಸ್ಥೆಯಲ್ಲಿರುವ ತೂತಿಗೆ ಮನೆ ಮನೆಯವರು ಹಾಕಿಕೊಂಡ ತೇಪೆ. ಮನೆ ಕಟ್ಟುವ ಖರ್ಚಿನಲ್ಲಿ ಅದು ಕರಗಿಹೋಗುವುದರಿಂದ ಯಾರೂ ಲೆಕ್ಕ ಇಡುವುದಿಲ್ಲ.

ಈ ದಾರಿಯಲ್ಲಿ ನೀರೊಂದೇ ಇಲ್ಲ ನೋಡಿ. ನೀರಿಗೆ ಕರೆಂಟು ಬೇಕು. ಕರೆಂಟಿಗೆ ಲೈನು ಬೇಕು. ಪಂಪು ರಿಪೇರಿಗೆ ಬರುವ ಲಾರಿಗೆ ರಸ್ತೆ ಬೇಕು, ಕೆಟ್ಟಿದೆ ಎಂದು ಹೇಳಲು ಫೋನು ಬೇಕು. ಪೈಪು ಹಾಕಲು ರಸ್ತೆ ಅಗೆಯಬೇಕು. ಕಟ್ಟಡ ಕುಸಿದರೆ ಒಂದು ಕಟ್ಟಡ ಹೋಗುತ್ತದೆ. ಟಿ.ಕೆ.ಹಳ್ಳಿಯಲ್ಲಿ ಕರೆಂಟು ಹೋದರೆ ಜಯನಗರದ ಅಡುಗೆಮನೆಯಲ್ಲಿ ಪಾತ್ರೆ ಹಾಗೇ ಉಳಿಯುತ್ತದೆ. ಹೀಗೆ ಒಂದರ ಮೇಲೊಂದು ಆತುಕೊಂಡಿರುವುದರಿಂದಲೇ ಮೂಲಸೌಕರ್ಯವನ್ನು ಬಿಡಿಬಿಡಿಯಾಗಿ ಎಣಿಸಿದರೆ ಅರ್ಥವಾಗುವುದಿಲ್ಲ.

ಹಾಗಾದರೆ ಮೊದಲು ಈ ಊರಿನವರು ಏನು ಕುಡಿಯುತ್ತಿದ್ದರು? ಕೆರೆ ಮತ್ತು ಬಾವಿಯ ನೀರು. ನೆತ್ತಿಯ ಮೇಲೆ ಬಿದ್ದ ಮಳೆ ಮೂರು ದಿಕ್ಕಿಗೆ ಇಳಿಯುತ್ತದೆ: ಹೆಬ್ಬಾಳದ ಕಡೆ, ಕೋರಮಂಗಲ-ಚಲ್ಲಘಟ್ಟದ ಕಡೆ, ವೃಷಭಾವತಿಯ ಕಡೆ. ಆ ಇಳಿಜಾರಿನಲ್ಲೇ ಕೆರೆಗಳನ್ನು ಸಾಲಾಗಿ ಕಟ್ಟಿದ್ದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ. ಏರಿ, ತೂಬು, ಕೋಡಿ, ರಾಜಕಾಲುವೆ, ಇವೆಲ್ಲ ಮೂಲಸೌಕರ್ಯವೇ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೋಡಿಕೊಳ್ಳುವವನು ನೀರಗಂಟಿ. ಅವನಿಗೆ ಸುಗ್ಗಿಯಲ್ಲಿ ಊರವರು ಕಾಳು ಅಳೆಯುತ್ತಿದ್ದರು. ಬೇಸಿಗೆಯಲ್ಲಿ ಹೂಳು ತೆಗೆಯುವುದೂ ಊರ ಕೆಲಸ. ಯಂತ್ರವಿಲ್ಲ, ಕಾಂಕ್ರೀಟಿಲ್ಲ. ಆದರೆ ಕಟ್ಟುವುದು, ಹಂಚುವುದು, ಕಾಪಾಡುವುದು ಮೂರೂ ಇದ್ದವು. ಆ ಕಾಲ ಬಂಗಾರದ್ದೇನಲ್ಲ. ಯಾರು ಯಾವ ಬಾವಿಗೆ ಹಗ್ಗ ಇಳಿಸಬಹುದು ಎಂಬುದನ್ನು ಜಾತಿಯೇ ತೀರ್ಮಾನಿಸುತ್ತಿತ್ತು. ಬೀದಿ ನಲ್ಲಿ ಬಂದಾಗ ಅದು ಬರೀ ನೀರನ್ನಷ್ಟೇ ತರಲಿಲ್ಲ ಎನ್ನುವುದನ್ನು ಮರೆಯಬಾರದು.

ಊರು ಬೆಳೆಯಿತು, ಕೆರೆಗೆ ಕೊಳಕು ಸೇರಿತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1896ರ ಹೊತ್ತಿಗೆ, ಅರ್ಕಾವತಿಯ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬಂತು. ಎರಡೇ ವರ್ಷಕ್ಕೆ, 1898ರಲ್ಲಿ, ಪ್ಲೇಗು. ಇಕ್ಕಟ್ಟು ಬೀದಿ, ನಿಂತ ಚರಂಡಿ, ಇಲಿ, ಇವೆಲ್ಲ ಜೀವ ತೆಗೆಯುತ್ತವೆ ಎಂದು ಊರು ಕಂಡುಕೊಂಡದ್ದು ಆಗ. ಬಸವನಗುಡಿ, ಮಲ್ಲೇಶ್ವರಗಳ ಅಗಲ ರಸ್ತೆ ಮತ್ತು ಮನೆ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗಳನ್ನು (ಕೊಳಕು ಸಾಗಿಸಲೆಂದೇ ಬಿಟ್ಟ ಓಣಿಗಳನ್ನು) ನೋಡಿದರೆ ಆ ಭಯದ ನೆರಳು ಈಗಲೂ ಕಾಣುತ್ತದೆ. 1933ರಲ್ಲಿ ತಿಪ್ಪಗೊಂಡನಹಳ್ಳಿ ಅಣೆಕಟ್ಟು ಸಿದ್ಧವಾಯಿತು. 1964ರಲ್ಲಿ ಜಲಮಂಡಳಿ ಹುಟ್ಟಿತು. 1974ರಲ್ಲಿ ಕಾವೇರಿ ನೀರು ತರುವ ಯೋಜನೆಯ ಮೊದಲ ಹಂತ, ದಿನಕ್ಕೆ 13.5 ಕೋಟಿ ಲೀಟರ್. ಐದನೇ ಹಂತ ಶುರುವಾದದ್ದು 2024ರ ಅಕ್ಟೋಬರಿನಲ್ಲಿ, ದಿನಕ್ಕೆ ಇನ್ನೂ 77.5 ಕೋಟಿ ಲೀಟರ್.

ಪೈಪು ಬಂದ ಮೇಲೆ ಕೆರೆ ಯಾರಿಗೆ ಬೇಕು? ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಆಯಿತು. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯಿತು. ಎಷ್ಟೋ ಕಡೆ ರಾಜಕಾಲುವೆಯ ಮೇಲೆ ಮನೆ, ಲೇಔಟು ಎದ್ದವು. ನಲ್ಲಿಯಲ್ಲಿ ನೀರು ಬರುತ್ತಿರುವಾಗ ಕೆರೆ ಮಾಡುತ್ತಿದ್ದ ಉಳಿದ ಕೆಲಸಗಳು ಕಣ್ಣಿಗೆ ಬೀಳಲಿಲ್ಲ. ಮಳೆಯನ್ನು ಹಿಡಿದಿಡುವುದು, ಬಾವಿ ಬೋರುಗಳಿಗೆ ನೀರು ಇಂಗಿಸುವುದು ಅದರ ಕೆಲಸವಾಗಿತ್ತು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಕಡೆ ಮಳೆನೀರು ನಿಂತು ಐಟಿ ಕೆಲಸಗಾರರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. 2024ರ ಮಾರ್ಚಿನಲ್ಲಿ ಅದೇ ಊರಿನ ಬೋರ್‌ವೆಲ್‌ಗಳು ಒಣಗಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶ ಬಂತು. ಮುಳುಗಿದ್ದಕ್ಕೂ ಒಣಗಿದ್ದಕ್ಕೂ ನಡುವೆ ಹದಿನೆಂಟು ತಿಂಗಳು.

ತಿಪ್ಪಗೊಂಡನಹಳ್ಳಿಯ ಕಥೆ ಇನ್ನೂ ಬೇಜಾರಿನದು. ಅಣೆಕಟ್ಟು ಗಟ್ಟಿಯಾಗಿ ನಿಂತಿತ್ತು. ಅದಕ್ಕೆ ನೀರು ತರುವ ಜಲಾನಯನದಲ್ಲಿ ಕಟ್ಟಡ ಎದ್ದವು, ಬೋರ್‌ಗಳು ಇಳಿದವು, ಅರ್ಕಾವತಿ ಬತ್ತಿತು, ಬಂದ ನೀರೂ ಕೆಟ್ಟಿತು. ಸರಬರಾಜೇ ನಿಂತುಹೋಯಿತು. ಮೂಲಸೌಕರ್ಯ ಅಂದರೆ ಗೋಡೆ ಎಂದುಕೊಂಡರೆ ಹೀಗಾಗುತ್ತದೆ. ಮಳೆ ಬೀಳುವ ಬೆಟ್ಟ, ಹರಿದು ಬರುವ ಹಳ್ಳ, ಅದರ ಪಕ್ಕದ ಗೋಮಾಳ, ಇವನ್ನು ಯಾವ ಟೆಂಡರಿನಲ್ಲೂ ಬರೆಯುವುದಿಲ್ಲ, ಆದರೆ ಅಣೆಕಟ್ಟಿನಷ್ಟೇ ಕೆಲಸ ಮಾಡುವುದು ಅವೇ.

ಈಗ ದುಡ್ಡಿನ ಮಾತು. ಒಂದೇ ರಸ್ತೆಯಲ್ಲಿ ಮೂರು ದರ್ಶಿನಿ ಇರಬಹುದು. ಒಂದರ ಇಡ್ಲಿ ಸರಿಯಿಲ್ಲದಿದ್ದರೆ ಪಕ್ಕದ್ದಕ್ಕೆ ಹೋಗುತ್ತೇವೆ. ಅದೇ ರಸ್ತೆಯ ಕೆಳಗೆ ಮೂರು ನೀರಿನ ಕಂಪನಿಗಳ ಮೂರು ಪೈಪು ಹಾಕುವುದು ಹುಚ್ಚುತನ. ಮೊದಲ ಪೈಪಿಗೆ ಭಾರಿ ಬಂಡವಾಳ ಬೇಕು, ಅದು ವಾಪಸ್ ಬರಲು ದಶಕಗಳು ಬೇಕು. ಆದರೆ ಪೈಪು ಒಮ್ಮೆ ಕೂತ ಮೇಲೆ ಇನ್ನೊಂದು ಮನೆಗೆ ಕನೆಕ್ಷನ್ ಕೊಡುವ ಖರ್ಚು ಅಷ್ಟೇನಿಲ್ಲ. ಇಂಥ ಕಡೆ ಪೈಪೋಟಿ ನಡೆಯುವುದಿಲ್ಲ. ಹಾಗಾಗಿಯೇ ಜಗತ್ತಿನ ಹೆಚ್ಚಿನ ಊರುಗಳಲ್ಲಿ ನೀರು ಸರ್ಕಾರದ ಕೈಯಲ್ಲಿದೆ, ಇಲ್ಲವೇ ಅದರ ಹಿಡಿತದಲ್ಲಿದೆ. ಸರ್ಕಾರ ನಡೆಸಿದರೆ ಚೆನ್ನಾಗಿ ನಡೆಯುತ್ತದೆ ಎಂದೇನಲ್ಲ. ಆದರೆ ಗಿರಾಕಿಗೆ ಇಲ್ಲಿ ಪಕ್ಕದ ಅಂಗಡಿ ಇಲ್ಲ. ಅವನಿಗಿರುವುದು ವೋಟು ಮಾತ್ರ.

ಪಕ್ಕದ ಅಂಗಡಿ ಇಲ್ಲವೇ, ಟ್ಯಾಂಕರ್ ಇದೆಯಲ್ಲ ಎನ್ನಬಹುದು. 2024ರ ಬೇಸಿಗೆಯಲ್ಲಿ ಟ್ಯಾಂಕರ್ ದರ ಕೈಮೀರಿದಾಗ ಜಿಲ್ಲಾಡಳಿತ ಮಿತಿ ಹಾಕಿತು: ಐದು ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ. ಅಂದರೆ ಸಾವಿರ ಲೀಟರಿಗೆ 100. ಅದೇ ಸಮಯದಲ್ಲಿ ಕಾವೇರಿ ಕನೆಕ್ಷನ್ ಇದ್ದ ಮನೆಗೆ ಮೊದಲ 8,000 ಲೀಟರಿನ ದರ ಸಾವಿರ ಲೀಟರಿಗೆ 7 ರೂಪಾಯಿ. ಹದಿನಾಲ್ಕು ಪಟ್ಟು ವ್ಯತ್ಯಾಸ. ಅದೂ ಸರ್ಕಾರ ಇಳಿಸಿದ ದರದಲ್ಲಿ!

ಟ್ಯಾಂಕರ್ ತರಿಸುತ್ತಿದ್ದವರಲ್ಲಿ ದೊಡ್ಡ ಅಪಾರ್ಟ್‌ಮೆಂಟಿನವರೂ ಇದ್ದರು, ಒಂದು ಕೋಣೆಯ ವಠಾರದವರೂ ಇದ್ದರು. ಅಪಾರ್ಟ್‌ಮೆಂಟಿನವರಿಗೆ ಮೇಂಟೆನೆನ್ಸ್ ಜಾಸ್ತಿಯಾಯಿತು. ವಠಾರದವರಿಗೆ ಕೆಲಸಕ್ಕೆ ರಜೆ ಹಾಕಿ ಕೊಡಪಾನ ಸಾಲಿನಲ್ಲಿ ನಿಲ್ಲಬೇಕಾಯಿತು. ಅಲ್ಲಿ ನಿಲ್ಲುವವರು ಹೆಚ್ಚಾಗಿ ಹೆಂಗಸರು. ನಗರಕ್ಕೆ 110 ಹಳ್ಳಿಗಳನ್ನು ಸೇರಿಸಿದ್ದು 2007ರಲ್ಲಿ. ಆ ಹಳ್ಳಿಗಳನ್ನು ಲೆಕ್ಕದಲ್ಲಿಟ್ಟುಕೊಂಡ ಐದನೇ ಹಂತದ ನೀರು ಹರಿದದ್ದು 2024ರಲ್ಲಿ. ನಡುವೆ ಹದಿನೇಳು ವರ್ಷ. ಹೆಸರಿಗೆ ಬೆಂಗಳೂರಿಗರು, ನೀರಿಗೆ ಟ್ಯಾಂಕರ್. ಪೈಪು ಎಲ್ಲಿಗೆ ಮೊದಲು ಹೋಗುತ್ತದೆ, ಎಲ್ಲಿಗೆ ಕೊನೆಗೆ ಹೋಗುತ್ತದೆ ಎಂಬುದು ಎಂಜಿನಿಯರಿಂಗ್ ಪ್ರಶ್ನೆಯ ಹಾಗೆ ಕಾಣುತ್ತದೆ, ಅಲ್ವಾ? ಒಂದು ಬೀದಿಯ ಮಗು ಶಾಲೆಗೆ ಹೊತ್ತಿಗೆ ಸರಿಯಾಗಿ ಹೋಗುತ್ತದೆಯೋ ಇಲ್ಲವೋ ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ.

ಯಾರದೋ ಸೌಕರ್ಯಕ್ಕೆ ಇನ್ಯಾರೋ ಬೆಲೆ ಕೊಡುವುದೂ ಇದೆ. ನಾಡಿಗೆ ಕರೆಂಟು ಬೇಕೆಂದು ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದೆವು. 1964ರಲ್ಲಿ ಅದು ಮುಗಿಯಿತು. ಹಿನ್ನೀರು ಊರುಗಳನ್ನು ಮುಳುಗಿಸಿತು. ಉಳಿದ ತುಮರಿ ಕಡೆಯ ಊರುಗಳನ್ನು ಸಾಗರದಿಂದ ಬೇರೆ ಮಾಡಿತು. ಆಮೇಲೆ ಅವರಿಗೆ ಲಾಂಚೇ ಗತಿ. ಬೇನೆ ಬಂದ ಬಸುರಿಯಿರಲಿ, ಹಾವು ಕಚ್ಚಿದವರಿರಲಿ, ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ನೀರಿನ ಈಚೆ ದಡದಲ್ಲೇ ಕಾಯಬೇಕಿತ್ತು. ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಸೇತುವೆ. ಪೇಪರಿನಲ್ಲಿ ಸೇತುವೆಯ ಚಂದದ ಫೋಟೋ ಬಂದವು. ನನಗೆ ಕಂಡದ್ದು ಅದರ ಹಿಂದಿನ ಅರವತ್ತು ವರ್ಷ.

ಮಲೆನಾಡಿನಲ್ಲಿ ಇನ್ನೂ ಸಣ್ಣ ಉದಾಹರಣೆಗಳು ಸಿಗುತ್ತವೆ. ಹಳ್ಳಕ್ಕೆ ಅಡಿಕೆ ಮರ ಅಡ್ಡ ಹಾಕಿದ ಕಾಲುಸಂಕ ಮಳೆಗಾಲದಲ್ಲಿ ಕೊಚ್ಚಿಹೋದರೆ ಆಚೆ ಮನೆಯ ಮಕ್ಕಳಿಗೆ ಶಾಲೆ ಇಲ್ಲ. ಮೂಲಸೌಕರ್ಯ ಅಂದರೆ ಮೆಟ್ರೋ, ಎಕ್ಸ್‌ಪ್ರೆಸ್‌ವೇ ಎಂದು ಭಾಷಣ ಮಾಡುವವರು ಜೂನ್ ತಿಂಗಳಿನಲ್ಲಿ ಒಂದು ಸಲ ಅಂಥ ಸಂಕ ದಾಟಬೇಕು.

ಕಟ್ಟುವುದಕ್ಕೆ ಶಂಕುಸ್ಥಾಪನೆ ಇದೆ, ಉದ್ಘಾಟನೆ ಇದೆ, ಹಾರ ಇದೆ. ಕಾಪಾಡುವುದಕ್ಕೆ ಏನೂ ಇಲ್ಲ. ಸೋರುವ ವಾಲ್ವಿನ ವಾಷರ್ ಬದಲಾಯಿಸಿದ್ದಕ್ಕೆ ಯಾರಾದರೂ ರಿಬ್ಬನ್ ಕತ್ತರಿಸಿದ್ದನ್ನು ನೋಡಿದ್ದೀರಾ? ಬೆಂಗಳೂರಿಗೆ ಬರುವ ನೀರಿನಲ್ಲಿ ದೊಡ್ಡ ಪಾಲು ಬಿಲ್ಲಿನ ಲೆಕ್ಕಕ್ಕೇ ಸಿಗುವುದಿಲ್ಲ. ಕೆಲವು ಸೋರಿಕೆ, ಕೆಲವು ಕಳ್ಳ ಕನೆಕ್ಷನ್, ಕೆಲವು ಕೆಟ್ಟ ಮೀಟರ್. ಅಷ್ಟು ಕರೆಂಟು ಸುಟ್ಟು ಎತ್ತಿ ತಂದ ನೀರು ನೆಲದೊಳಗೇ ಹೋಗುತ್ತದೆ. ಸೋರಿಕೆ ಹುಡುಕುವುದು ಹೊಸ ಹಂತ ಕಟ್ಟುವುದಕ್ಕಿಂತ ಎಷ್ಟೋ ಅಗ್ಗ. ಆದರೆ ಅದು ರಾತ್ರಿ ಹೊತ್ತು ರಸ್ತೆಗೆ ಕಿವಿಗೊಟ್ಟು ಮಾಡುವ ಕೆಲಸ, ಫೋಟೋಕ್ಕೆ ಒದಗುವುದಿಲ್ಲ.

ನಮ್ಮ ಬೀದಿಯಲ್ಲಿ ಟಾರು ಹಾಕಿದ ಒಂದೇ ತಿಂಗಳಿಗೆ ಪೈಪಿನವರು ಬಂದು ಅಗೆದರು. ಅವರು ಮುಚ್ಚಿದ ಮೇಲೆ ಕೇಬಲಿನವರು ಬಂದರು. ಯಾರ ತಪ್ಪು ಎಂದು ಕೇಳಿದರೆ ಪ್ರತಿಯೊಬ್ಬರ ಹತ್ತಿರವೂ ಪರ್ಮಿಷನ್ ಇತ್ತು! ನೆಲದ ಕೆಳಗೆ ಯಾವ ಪೈಪು ಎಲ್ಲಿದೆ ಎಂಬ ಒಂದೇ ನಕ್ಷೆ ಇದ್ದರೆ, ಮೂವರೂ ಒಂದು ಸಲ ಕೂತು ಮಾತಾಡಿದ್ದರೆ ಒಂದೇ ಸಲ ಅಗೆದು ಮುಗಿಸಬಹುದಿತ್ತು. ಆ ನಕ್ಷೆ, ಆ ಮಾತುಕತೆಯೂ ಮೂಲಸೌಕರ್ಯದ ಲೆಕ್ಕಕ್ಕೆ ಸೇರಬೇಕು ಎಂದು ನನ್ನ ವಾದ.

ದರದ ಕಥೆಯೂ ಹೀಗೇ. ಬೆಂಗಳೂರಿನ ನೀರಿನ ದರ 2014ರಲ್ಲಿ ಏರಿದ್ದು ಮತ್ತೆ ಏರಿದ್ದು 2025ರ ಏಪ್ರಿಲ್‌ನಲ್ಲಿ. ನಡುವಿನ ಹನ್ನೊಂದು ವರ್ಷ ದರ ಏರಿಸದಿದ್ದುದು ಜನಪರ ಅನ್ನಿಸಬಹುದು. ಆದರೆ ದರ ಏರಿಸದಿದ್ದರೆ ಖರ್ಚು ಮಾಯವಾಗುವುದಿಲ್ಲ. ಕರೆಂಟಿನ ಬಾಕಿಯಾಗಿ, ಬದಲಾಯಿಸದ ಹಳೇ ಪೈಪಾಗಿ ಅದು ಎಲ್ಲೋ ಕೂತಿರುತ್ತದೆ. ಕನೆಕ್ಷನ್ ಇದ್ದವರಿಗೆ ಅಗ್ಗದ ನೀರು ಸಿಕ್ಕಿತು, ಇಲ್ಲದವರ ಬೀದಿಗೆ ಪೈಪು ಹಾಕಲು ದುಡ್ಡು ಕಡಿಮೆಯಾಯಿತು. ಬಡವರಿಗೆ ಅಗ್ಗವಾಗಿಯೇ ಸಿಗಲಿ, ಈಜುಕೊಳ ಇರುವವರಿಗೂ ಯಾಕೆ?

ಇನ್ನು ಬಳಸಿ ಬಿಟ್ಟ ನೀರು. ಮನೆಗೆ ಬಂದ ನೀರಿನಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಕೊಳಚೆಯಾಗಿ ಹೊರಹೋಗುತ್ತದೆ ಎಂಬುದು ಎಂಜಿನಿಯರುಗಳ ಮಾಮೂಲಿ ಲೆಕ್ಕ. ಹಾಗಾಗಿ ನೀರಿನ ಪ್ರತಿ ಯೋಜನೆಯ ಹಿಂದೆಯೇ ಚರಂಡಿಯ ಯೋಜನೆಯೂ ಇರಬೇಕು. ನೀರು ತಂದವರ ಹೆಸರು ಎಲ್ಲರಿಗೂ ಗೊತ್ತು, ಒಳಚರಂಡಿ ತಂದವರ ಹೆಸರು ಯಾರಿಗೂ ಗೊತ್ತಿಲ್ಲ. ರಕ್ಷಣಾ ಸಾಧನಗಳಿಲ್ಲದೆ ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಆಮೇಲೂ ಸಾವಿನ ಸುದ್ದಿ ಬರುತ್ತಲೇ ಇದೆ. ಸತ್ತವರಲ್ಲಿ ಹೆಚ್ಚಿನವರು ಯಾವ ಜಾತಿಯವರು ಎಂದು ಹೇಳಬೇಕಾಗಿಲ್ಲ.

ಆ ಕೊಳಚೆಯ ಒಂದು ಪಾಲು ಈಗ ದೂರ ಪ್ರಯಾಣ ಮಾಡುತ್ತಿದೆ. ಆ ಕಥೆಗೆ 1902ಕ್ಕೆ ಹೋಗಬೇಕು. ಆ ವರ್ಷ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಸುಮಾರು 147 ಕಿಲೋಮೀಟರ್ ತಂತಿ, ಆ ಕಾಲಕ್ಕೆ ಜಗತ್ತಿನ ಉದ್ದದ ಲೈನುಗಳಲ್ಲಿ ಒಂದು. ಬೆಂಗಳೂರಿನ ಬೀದಿದೀಪಕ್ಕೆ ಕರೆಂಟು ಬಂದದ್ದು ಮೂರು ವರ್ಷದ ಮೇಲೆ, 1905ರಲ್ಲಿ. ಲೈನು ಹಾದುಹೋದ ದಾರಿಯ ಹಳ್ಳಿಗಳಿಗೆ ಬೆಳಕು ಬರಲು ದಶಕಗಳೇ ಹಿಡಿದವು. 2001ರಲ್ಲಿ ಗಣಿ ಮುಚ್ಚಿತು. ಕೋಲಾರದ ಕೆರೆಗಳು ಒಣಗುತ್ತಾ ಬಂದವು, ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದವು.

2018ರ ಜೂನ್‌ನಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಪಂಪಿನಲ್ಲಿ ಕೋಲಾರಕ್ಕೆ ಬಿಡಲು ಶುರುಮಾಡಿದರು. ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಅದು ಮೊದಲು ಬೀಳುತ್ತದೆ. ಅಲ್ಲಿಂದ ಮುಂದೆ ಹೆಚ್ಚಿನ ಕಡೆ ಪಂಪು ಬೇಡ. ಹಳೆಯ ಕೆರೆಸಾಲು ಹಿಡಿದು, ಒಂದು ತುಂಬಿ ಇನ್ನೊಂದಕ್ಕೆ ಇಳಿಯುತ್ತಾ ಹೋಗುತ್ತದೆ. ಯಾರೋ ಎಂದೋ ಕಟ್ಟಿದ ಏರಿ, ಕೋಡಿ, ಕಾಲುವೆ ಮತ್ತೆ ಕೆಲಸಕ್ಕೆ ಬಂದವು. ಶಿವನಸಮುದ್ರದ ಬಳಿ ಎತ್ತಿದ ನೀರು, ಬೆಂಗಳೂರಿನ ಮನೆಗಳಲ್ಲಿ ಪಾತ್ರೆ ತೊಳೆದು, ಈಗ ಕೋಲಾರದ ಕೆರೆಯಲ್ಲಿ ಇಂಗುತ್ತಿದೆ.

ಸುತ್ತಲಿನ ಬೋರ್‌ಗಳಲ್ಲಿ ನೀರು ಮೇಲೆ ಬಂದಿದೆ ಎಂದು ಖುಷಿಪಡುವ ರೈತರಿದ್ದಾರೆ. ಆ ನೀರು ಬಾವಿಗೂ ಇಳಿಯುತ್ತದಲ್ಲ, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಮಾಡಿ ಕೊಡಿ ಎಂದು ಕೇಳುವವರೂ ಅಲ್ಲಿಯವರೇ.